ಕೊಬ್ಬರಿ ಹೆರೆಯಲು ಯಾರು ಕೂರಬೇಕು?

ಸಂಕ್ರಾಂತಿಗೆ ಇನ್ನೂ ವಾರ, ಹತ್ತು ದಿನ ಇರುವಾಗಲೇ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಕೊಬ್ಬರಿ ಬಟ್ಟಲುಗಳು ಡಬ್ಬಿಯಿಂದ ಹೊರಬರುತ್ತಿದ್ದವು. ಮೊದಲು ಬೆನ್ನಿನ ಕಂದು ಸಿಪ್ಪೆಯನ್ನು ಚೂರೂ ಉಳಿಯದಂತೆ ಹೆರೆಯಬೇಕು. ಆಮೇಲೆ ಉದ್ದಕ್ಕೆ ಸೀಳಿ, ಅಡ್ಡಕ್ಕೆ ಸಣ್ಣಗೆ ಹೆಚ್ಚಿ ಬಿಸಿಲಿಗೆ ಹರಡಬೇಕು. ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಪುಟ್ಟ ಪುಟ್ಟ ಚೂರು ಮಾಡಿ ಅದನ್ನೂ ಒಣಗಿಸಬೇಕು, ಇಲ್ಲದಿದ್ದರೆ ಎಲ್ಲ ಅಂಟಿಕೊಂಡು ಮುದ್ದೆಯಾಗುತ್ತದೆ. ಕಡಲೆಕಾಯಿ ಬೀಜವನ್ನು ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಹೋಳು ಮಾಡಬೇಕು. ಜೊತೆಗೆ ಹುರಿಗಡಲೆ. ಬಿಳಿ ಎಳ್ಳು ಹುರಿಯುವುದು ಎಲ್ಲಕ್ಕೂ ಕೊನೆಗೆ, ಅದೂ ಐದು ನಿಮಿಷದ ಮಾತು. ಎಳ್ಳಿನ ಹೆಸರಿನಲ್ಲಿ ನಡೆಯುವ ಈ ತಯಾರಿಯ ದುಡಿಮೆಯೆಲ್ಲ ಕೊಬ್ಬರಿ, ಬೆಲ್ಲದ್ದು.

ಈಗ ಜನವರಿ ಬಂತೆಂದರೆ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದಲ್ಲಿ ಎಳ್ಳು ಬೆಲ್ಲ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಪಕ್ಕದಲ್ಲೇ ಸಕ್ಕರೆ ಅಚ್ಚಿನ ರಾಶಿ. ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಮನೆಯಲ್ಲೇ ತಯಾರಿಸಿ ಮಾರುವ ಎಷ್ಟೋ ಹೆಂಗಸರ ವರ್ಷದ ಒಳ್ಳೆಯ ಸಂಪಾದನೆ ಅದು. ತಪ್ಪಿರುವುದು ಪ್ಯಾಕೆಟ್ಟನ್ನು ಕಂಡಾಗ ಕೇಳಿಬರುವ ಹಳಹಳಿಕೆಯಲ್ಲಿ: ‘ಈಗಿನ ಹೆಣ್ಣುಮಕ್ಕಳಿಗೆ ಇದೆಲ್ಲ ಎಲ್ಲಿ ಬೇಕು?’

ಹಿಂದೆ ಈ ಕೆಲಸಕ್ಕೆ ಅತ್ತೆ, ಸೊಸೆ, ನಾದಿನಿ, ಪಕ್ಕದ ಮನೆಯವರು ಸೇರುತ್ತಿದ್ದರು. ಈಗಿನ ಸಣ್ಣ ಮನೆಯಲ್ಲಿ ಅಷ್ಟು ಕೈಗಳ ಜಾಗದಲ್ಲಿ ಉಳಿದಿರುವವಳು ಒಬ್ಬಳು, ಆಕೆಯೂ ಬೆಳಗ್ಗೆ ಎಂಟಕ್ಕೆ ಬಸ್ಸು ಹಿಡಿಯುವವಳು. ಕೆಲಸ ಅಷ್ಟೇ ಇದೆ, ಅದಕ್ಕೆ ಕೂರಬೇಕಾದವರ ಪಟ್ಟಿ ಮಾತ್ರ ಬೆಳೆಯಲೇ ಇಲ್ಲ. ಗಂಡಸರ ಹೆಸರು ಅಂದೂ ಅದರಲ್ಲಿರಲಿಲ್ಲ, ಇಂದೂ ಇಲ್ಲ. ಹಬ್ಬದ ಕೈಕೆಲಸ ಮನೆಯಿಂದ ಅಂಗಡಿಗೆ ಹೋದದ್ದು ಉತ್ಸಾಹ ಬತ್ತಿ ಅಲ್ಲ, ಜೊತೆಗೆ ಕೂರುವವರಿಲ್ಲದೆ.

ಸಕ್ಕರೆ ಅಚ್ಚನ್ನೇ ನೋಡಿ. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅದು. ಆನೆ, ಗಿಳಿ, ಮೀನು, ಗೋಪುರ, ತುಳಸಿಕಟ್ಟೆಯ ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಹಾಕಿರಬೇಕು. ಅಚ್ಚಿನ ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ, ಬಾಯಿ ಮೇಲೆ ಮಾಡಿ ನಿಲ್ಲಿಸಬೇಕು. ಸಕ್ಕರೆ ಪಾಕ ಕುದಿಯುವಾಗ ಒಂದಿಷ್ಟು ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ತೆಳುಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ಪಾಕವನ್ನು ಮತ್ತೆ ಒಲೆಗೇರಿಸಿ ಕೈಬಿಡದೆ ತಿರುವುತ್ತಿದ್ದರೆ ಅಂಚಿನಲ್ಲಿ ಬೆಳ್ಳಗಾಗತೊಡಗುತ್ತದೆ. ಹುಯ್ಯಬೇಕಾದದ್ದು ಆ ಗಳಿಗೆಯಲ್ಲೇ. ಮುಂಚೆ ಹುಯ್ದರೆ ಗಟ್ಟಿಯಾಗದು, ತಡವಾದರೆ ಪಾತ್ರೆಯಲ್ಲೇ ಕಲ್ಲು. ಒಬ್ಬರು ತಿರುವಬೇಕು, ಒಬ್ಬರು ಹುಯ್ಯಬೇಕು, ಇನ್ನೊಬ್ಬರು ಆರಿದ ಅಚ್ಚು ಬಿಚ್ಚಿ ಆನೆಯ ಸೊಂಡಿಲು ಮುರಿಯದಂತೆ ತೆಗೆಯಬೇಕು. ಮುರಿದರೆ ಅದು ಕಾದು ಕೂತ ಮಗುವಿನ ಪಾಲು. ಅಂಗಡಿಯಿಂದ ತಂದ ಆನೆಯ ಸೊಂಡಿಲು ಸಾಮಾನ್ಯವಾಗಿ ಮುರಿದಿರುವುದಿಲ್ಲ, ಆದರೆ ಅದಕ್ಕಾಗಿ ಒಲೆಯ ಪಕ್ಕದಲ್ಲಿ ಯಾವ ಮಗುವೂ ಕಾದಿರುವುದಿಲ್ಲ.

ಮಂಗಳೂರಿನ ಕ್ರೈಸ್ತ ಮನೆಗಳ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಯಾರಿ ಕೂಡ ಇಂಥದ್ದೇ. ಕ್ರಿಸ್‌ಮಸ್‌ಗೆ ಮುಂಚಿನ ದಿನಗಳಲ್ಲಿ ಮನೆಮಂದಿ ಮೇಜಿನ ಸುತ್ತ ಕೂರುತ್ತಾರೆ. ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೋ ಫೋರ್ಕಿನ ಬೆನ್ನಿನ ಮೇಲೋ ಒತ್ತಿ ಸುತ್ತಿದರೆ ಗೀರುಗೀರಾದ ಕಿಡಿಯೊ ಸಿದ್ಧ. ಚಿಕ್ಕ ಬೆರಳುಗಳಿಗೆ ಹೇಳಿಮಾಡಿಸಿದ ಕೆಲಸ. ತೆಂಗಿನಕಾಯಿ, ಎಳ್ಳು ತುಂಬಿದ ನೆವ್ರಿ, ಚಕ್ಕುಲಿ, ಗುಲಾಬಿ ಹೂವಿನಂಥ ಕೊಕ್ಕಿಸ್ ಎಲ್ಲ ಸೇರಿ ತಟ್ಟೆಯಲ್ಲಿ ನೆರೆಮನೆಗಳಿಗೆ ಹೋಗುತ್ತವೆ. ಎಳ್ಳು ಬೀರಲು ಹೊರಡುವ ಹುಡುಗಿಯ ತಟ್ಟೆಗೂ ಇದಕ್ಕೂ ದೂರದ ನಂಟೇನಲ್ಲ.

ಬೀದರ್, ಕಲಬುರಗಿ ಕಡೆ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ, ಹಸಿಕಾಳು, ತರಕಾರಿ, ಸೊಪ್ಪು ಎಲ್ಲ ಸೇರಿಸಿ ಬೇಯಿಸಿದ ಭಜ್ಜಿ. ಅಡುಗೆಯನ್ನು ಹೊಲಕ್ಕೆ ಚರಗವಾಗಿ ಚೆಲ್ಲಿ, ಹೊಲವಿಲ್ಲದ ಗೆಳೆಯರನ್ನೂ ಕರೆದು ಕೂರಿಸಿ ಉಣ್ಣುವ ಈ ಹಬ್ಬಕ್ಕಿಂತ ದೊಡ್ಡ ಮನಸ್ಸಿನ ಹಬ್ಬ ಈ ನಾಡಿನಲ್ಲಿ ಹೆಚ್ಚಿಲ್ಲ. ಆದರೆ ಅಲ್ಲಿಯೂ ಹಿಂದಿನ ರಾತ್ರಿ ಒಲೆಯ ಮುಂದೆ ಎಚ್ಚರವಿರುವವರು ಯಾರು ಎಂಬುದನ್ನು ಕೇಳಬೇಕು.

ಕೌದಿಯ ಕತೆಯೂ ಬೇರೆಯಲ್ಲ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಹೊಲಿದ ಹೊದಿಕೆ ಅದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಅದನ್ನೇ ಕವಂದಿ ಎನ್ನುತ್ತಾರೆ. ಅದರ ಮೂಲೆಗಳಲ್ಲಿ ಬಣ್ಣದ ಬಟ್ಟೆ ಮಡಿಸಿ ಹೂವು ಕೂರಿಸದಿದ್ದರೆ ಅವರಿಗೆ ಅದು ಮುಗಿದ ಕೆಲಸವಲ್ಲ. ಒಂದು ಕೌದಿಯಲ್ಲಿ ಅಜ್ಜಿಯ ಸೀರೆ, ಮೊಮ್ಮಗಳ ಲಂಗ ಅಕ್ಕಪಕ್ಕ ಇರುತ್ತವೆ. ಡಿಸೆಂಬರ್ ರಾತ್ರಿಯಲ್ಲಿ ಅದನ್ನು ಹೊದೆಯುವವರು ಮನೆಮಂದಿಯೆಲ್ಲ, ಸೂಜಿ ಹಿಡಿಯುವವರು ಮಾತ್ರ ಹೆಂಗಸರು.

ಕರ್ನಾಟಕದ ಶಾಲೆಗಳ ದೊಡ್ಡ ರಜೆಗಳು ದಸರೆಗೆ ಮತ್ತು ಬೇಸಿಗೆಗೆ. ಚಳಿಗಾಲಕ್ಕೆ ಬಹುತೇಕ ಮಕ್ಕಳಿಗೆ ಸಿಗುವುದು ಕ್ರಿಸ್‌ಮಸ್, ಸಂಕ್ರಾಂತಿ, ನಡುವಿನ ಭಾನುವಾರಗಳೆಂಬ ಬಿಡಿ ದಿನಗಳು. ಅವುಗಳಲ್ಲಿ ಒಂದನ್ನಾದರೂ ರೆಸಾರ್ಟಿಗೆ ಕೊಡದೆ ಮನೆಗೇ ಇಟ್ಟುಕೊಳ್ಳುವುದು ಕಷ್ಟವಲ್ಲ. ಸೊಗಡಿನ ಅವರೆಕಾಯಿ ಬರುವ ಕಾಲವೂ ಅದೇ. ಸುಲಿದ ಕಾಳನ್ನು ರಾತ್ರಿ ನೆನೆಹಾಕಿದರೆ ಬೆಳಗ್ಗೆ ಎರಡು ಬೆರಳ ನಡುವೆ ಒತ್ತಿದೊಡನೆ ಬೇಳೆ ಚಿಮ್ಮಿ ಬರುತ್ತದೆ. ಮಕ್ಕಳು ಎದ್ದು ಹೋಗದೆ ಕೂರುವ ಕೆಲಸ ಅದು. ಬೆಲ್ಲ ಕತ್ತರಿಸುವುದನ್ನು ಅಜ್ಜನಿಗೆ ವಹಿಸಬಹುದು, ಅಡಕತ್ತರಿ ಅವರ ಕೈಗೆ ಪಳಗಿದ ಸಾಮಾನು. ಮಿಕ್ಕಿರುವುದು ಕೊಬ್ಬರಿ. ಎಲ್ಲಕ್ಕಿಂತ ಬೇಸರದ, ಬೆರಳು ನೋಯುವ ಆ ಹೆರೆಯುವ ಕೆಲಸವನ್ನು ಈ ಸಲ ಮನೆಯ ಯಜಮಾನರು ಯಾರೂ ಹೇಳುವ ಮೊದಲೇ ಮುಂದಕ್ಕೆ ಎಳೆದುಕೊಳ್ಳಲಿ.