ಹೊಸ ಚಿತ್ರ ಬಂದಿದೆಯೇ? ನೋಡಿ ಬರುತ್ತದೆ ಆರ್‌ಎಸ್‌ಎಸ್

ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಮೇಲಿನ ಹೊರ್ತಿಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಚಿತ್ರಕಲೆಯ ಹುಚ್ಚು ಎಂದಿಟ್ಟುಕೊಳ್ಳಿ. ಗೋಳಗುಮ್ಮಟ ನೋಡಲು ಅವಳು ಬಸ್ಸು ಹತ್ತಿದರಾಯಿತು. ಎರಡನೆಯ ಇಬ್ರಾಹಿಂ ಆದಿಲಶಾಹಿಯ ಕಾಲದ ವಿಜಯಪುರದ ಚಿತ್ರಗಳನ್ನು ನೋಡಬೇಕೆಂದರೆ? ಅವುಗಳಲ್ಲಿ ಕೆಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ, ಕೆಲವು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸೇರಿವೆ. ಮೆಟ್ರೊಪಾಲಿಟನ್ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ಯಾರು ಬೇಕಾದರೂ ಬಳಸಲೆಂದು ಅಂತರಜಾಲದಲ್ಲಿ ಬಿಟ್ಟುಕೊಟ್ಟಿತು. ಇಂಥವನ್ನು ಸ್ವಯಂಸೇವಕರು ವಿಕಿಮೀಡಿಯ ಕಾಮನ್ಸ್‌ನಲ್ಲಿ ಕೂಡಿಸುತ್ತಾರೆ. ಇಂದಿನ ಕಲಾವಿದರ ಬಳಗ ಬೇಕೆಂದರೆ 2000ದಲ್ಲಿ ಶುರುವಾದ ಡೀವಿಯಂಟ್‌ಆರ್ಟ್ ಇದೆ. ಛಾಯಾಚಿತ್ರಗಳಿಗೆ ಫ್ಲಿಕರ್ ಇದೆ.

ಆದರೆ ಹೊಸದು ಬಂತೇ ಎಂದು ದಿನವೂ ಇಷ್ಟೂ ಕಡೆ ಹೋಗಿ ನೋಡುವವರು ಯಾರು? ಚಿತ್ರ ನೋಡಲು ಮೊಬೈಲ್ ಹಿಡಿದ ಮಗು ಅರ್ಧ ತಾಸಿನಲ್ಲಿ ಇನ್ನೆಲ್ಲೋ ಇರುತ್ತದೆ ಎಂಬ ಪಾಲಕರ ದೂರೂ ಸುಳ್ಳಲ್ಲ.

ಇದಕ್ಕೆ ಹಳೆಯದೊಂದು ಉಪಾಯವಿದೆ. ಅದರ ಹೆಸರು ಆರ್‌ಎಸ್‌ಎಸ್. ಹೆಸರು ಕೇಳಿದೊಡನೆ ಬೇರೇನೋ ನೆನಪಾದೀತು. ಇದು ರಿಯಲಿ ಸಿಂಪಲ್ ಸಿಂಡಿಕೇಷನ್. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಇದರ ಮೊದಲ ರೂಪ ಸಿದ್ಧವಾಯಿತು. ರೂಪಿಸಿದವರಲ್ಲಿ ಒಬ್ಬರು ಮದರಾಸಿನ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ.

ತಾಣವು ಒಂದು ಸಣ್ಣ ಪಠ್ಯಕಡತ ಇಟ್ಟಿರುತ್ತದೆ. ಇದೇ ಫೀಡ್. ಹೊಸ ಚಿತ್ರ ಬಂದಾಗಲೆಲ್ಲ ಅದರ ಶೀರ್ಷಿಕೆ, ತಾರೀಖು, ವಿಳಾಸ ಈ ಕಡತಕ್ಕೆ ಸೇರುತ್ತವೆ. ತಾಣವೇ ಸುದ್ದಿ ಕಳಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ‘ಫಲಿತಾಂಶ ಹಚ್ಚಿದ್ದಾರೇನು, ನೋಡಿಕೊಂಡು ಬಾ’ ಎಂದು ತಮ್ಮನನ್ನು ಸಾಲಿಗೆ ಅಟ್ಟುವುದಿಲ್ಲವೇ, ಹಾಗೆ ನಮ್ಮಲ್ಲಿರುವ ‘ಫೀಡ್ ರೀಡರ್’ ಎಂಬ ತಂತ್ರಾಂಶವೇ ಆಗಾಗ ಹೋಗಿ ನೋಡಿ ಬರುತ್ತದೆ. ಬದಲಾವಣೆ ಇಲ್ಲದಿದ್ದರೆ ಸರ್ವರ್ 304 ಎಂಬ ಸಂಕೇತವನ್ನಷ್ಟೇ ಕೊಟ್ಟು ಕಳಿಸಬಹುದು. ಕಡತ ಮತ್ತೆ ಇಳಿಯದು, ಡೇಟಾ ಉಳಿಯುತ್ತದೆ.

ಹೋಗಿ ನೋಡುವವರು ನಾವೇ ಆದ್ದರಿಂದ ಇಂಥ ಬಹಿರಂಗ ಫೀಡಿಗೆ ಹುಡುಗಿ ತನ್ನ ಹೆಸರು, ಮೊಬೈಲ್ ಸಂಖ್ಯೆ ಬರೆದುಕೊಡಬೇಕಿಲ್ಲ. ಅವಳು ಆರಿಸಿದವರ ಚಿತ್ರಗಳಷ್ಟೇ, ಬಂದ ಸರದಿಯಲ್ಲಿ, ಸಿಗುತ್ತವೆ. ಮುಗಿದ ಮೇಲೆ ಪಟ್ಟಿಯೂ ಮುಗಿಯುತ್ತದೆ. ಇನ್‌ಸ್ಟಾಗ್ರಾಂ ಇಂಥ ಫೀಡ್ ಕೊಡುವುದಿಲ್ಲ. ಜಾಹೀರಾತಿನಿಂದ ಬದುಕುವವರಿಗೆ ಪಟ್ಟಿ ಮುಗಿಯುವುದು ಬೇಕಿಲ್ಲ, ಅಷ್ಟೆ.

ಮಾಡುವುದು ಸುಲಭ. ಚುಕ್ಕೆಯೊಂದರ ಮೇಲೆ ಎರಡು ಕಮಾನುಗಳಿರುವ ಕಿತ್ತಳೆ ಬಣ್ಣದ ಚೌಕ ಫೀಡಿನ ಗುರುತು. ಅದರ ಕೊಂಡಿಯನ್ನು ನಕಲು ಮಾಡಿ ರೀಡರಿನಲ್ಲಿ ಅಂಟಿಸಬೇಕು. ಕಂಪ್ಯೂಟರಿನಲ್ಲಾದರೆ ಉಚಿತವಾಗಿ ಸಿಗುವ ಥಂಡರ್‌ಬರ್ಡ್ ಸಾಕು. ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗ ಆರ್‌ಎಸ್‌ಎಸ್ ಕಥೆ ಮುಗಿಯಿತು ಎಂದವರಿದ್ದರು. ಪಾಡ್‌ಕಾಸ್ಟ್‌ಗಳು ಇಂದಿಗೂ ಇದರ ಮೇಲೆಯೇ ನಡೆಯುತ್ತಿವೆ.

ಪಾಲಕರು ಒಂದು ಗಮನಿಸಬೇಕು. ಬರೀ ಹುಡುಕುಪದದ ಫೀಡ್ ಹಾಕಿಕೊಂಡರೆ ಮಕ್ಕಳಿಗೆ ತಕ್ಕುದಲ್ಲದ ಚಿತ್ರಗಳೂ ನುಗ್ಗಬಹುದು. ಕಾಮನ್ಸ್‌ನ ‘ದಿನದ ಚಿತ್ರ’ದಿಂದ ಆರಂಭಿಸಿ, ಬಳಿಕ ಒಬ್ಬಿಬ್ಬರು ಕಲಾವಿದರನ್ನು ಜೊತೆಗೆ ಕುಳಿತು ಆರಿಸುವುದು ಮೇಲು.

ಫೀಡಿನಲ್ಲಿ ಎಲ್ಲವೂ ಉಳಿದಿರುವುದಿಲ್ಲ. ಫ್ಲಿಕರ್‌ನ ಫೀಡಿನಲ್ಲಿ ಇತ್ತೀಚಿನ 20 ಚಿತ್ರಗಳು ಮಾತ್ರ. ಪರೀಕ್ಷೆಯ ಗದ್ದಲದಲ್ಲಿ ತಿಂಗಳುಗಟ್ಟಲೆ ರೀಡರ್ ತೆರೆಯದಿದ್ದರೆ ಹಳೆಯವು ಪಟ್ಟಿಯಿಂದ ಜಾರಿರುತ್ತವೆ. ಅವನ್ನು ನೋಡಲು ಆ ಕಲಾವಿದರ ಪುಟಕ್ಕೇ ಹೋಗಬೇಕು.