ಪರರ ಕರ್ಮದ ಲೆಕ್ಕ ಬರೆಯುವವರು

ಕರ್ಮಸಿದ್ಧಾಂತವನ್ನು ಜೈನಾಚಾರ್ಯರಷ್ಟು ಸೂಕ್ಷ್ಮವಾಗಿ ವಿವೇಚಿಸಿದವರು ವಿರಳ. ಮೂಲಪ್ರಕೃತಿಗಳು 8, ಉತ್ತರಪ್ರಕೃತಿಗಳು 148 ಎಂದು ಎಣಿಸಿ, ಬಂಧ, ಸತ್ತೆ, ಉದಯ, ಉದೀರಣೆ, ಸಂಕ್ರಮಣಗಳ ಗಣಿತವನ್ನೇ ಅವರು ಕಟ್ಟಿಕೊಟ್ಟಿದ್ದಾರೆ. ಇಂತಹ ಶಾಸ್ತ್ರದ ವಾರಸುದಾರರು ರೋಗಿಯ ಮನೆಯ ಜಗಲಿಯಲ್ಲಿ ಕುಳಿತು ಅದನ್ನು ಒಂದೇ ವಾಕ್ಯಕ್ಕೆ ಇಳಿಸಿಬಿಡುವುದು ಶೋಚನೀಯ: "ಎಲ್ಲ ಪೂರ್ವಜನ್ಮದ ಕರ್ಮ." ಹೇಳಿದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಆ ಮಾತು ಮಾತ್ರ ಮನೆಯಲ್ಲೇ ಉಳಿದುಬಿಡುತ್ತದೆ.

ಈ ಮಾತಿನ ಕ್ರೌರ್ಯವನ್ನು ಅರಿಯಲು ಹಿಮೋಫಿಲಿಯಾ ಎಂಬ ವ್ಯಾಧಿಯನ್ನು ನೋಡಿದರೆ ಸಾಕು. ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಎಂಟನೆಯದೋ ಒಂಬತ್ತನೆಯದೋ ಕಡಿಮೆಯಾಗಿರುವುದು ಇದರ ಸ್ವರೂಪ. ಎಂಟನೆಯ ಅಂಶದ ಕೊರತೆ ಸುಮಾರು 5,000 ಗಂಡುಶಿಶುಗಳಲ್ಲಿ ಒಂದಕ್ಕೆ ಕಂಡುಬರುತ್ತದೆ. ಇಂತಹವರ ರಕ್ತ ಬೇರೆಯವರಿಗಿಂತ ವೇಗವಾಗಿ ಹರಿಯುವುದಿಲ್ಲ, ಆದರೆ ನಿಲ್ಲದೆ ಬಹುಕಾಲ ಹರಿಯುತ್ತದೆ. ಹೊರಗಿನ ಗಾಯಕ್ಕಿಂತ ಒಳಗಿನ ಸ್ರಾವವೇ ಹೆಚ್ಚು ಭಯಂಕರ. ಮೊಣಕಾಲು, ಮೊಣಕೈ, ಹರಡುಗಳ ಸಂಧಿಗಳಲ್ಲಿ ರಕ್ತ ತುಂಬಿ, ಮತ್ತೆ ಮತ್ತೆ ಹೀಗಾದಾಗ ಸಂಧಿಯೇ ಸವೆದು ಅಂಗವೈಕಲ್ಯ ಬರುತ್ತದೆ. ತಲೆಯೊಳಗೆ ಸ್ರಾವವಾದರೆ ಪ್ರಾಣಕ್ಕೇ ಅಪಾಯ.

ದೇಹದ ಈ ನೋವಿಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಮನಸ್ಸಿನ ನೋವಿಗೆ ಯಾವ ಚೀಟಿಯಲ್ಲೂ ಹೆಸರಿಲ್ಲ. ಅಂಗಳದಲ್ಲಿ ಓರಗೆಯವರು ಆಡುವಾಗ ಬಾಲಕ ಜಗಲಿಯ ಮೇಲೆ ಕುಳಿತು ನೋಡಬೇಕು. ಶಾಲೆಗೆ ಹೋದ ದಿನಗಳಿಗಿಂತ ಹೋಗದ ದಿನಗಳೇ ಕೆಲವು ತಿಂಗಳಲ್ಲಿ ಹೆಚ್ಚು. ರಾತ್ರಿ ಮಗ ಮಗ್ಗುಲು ಬದಲಿಸಿದರೂ ತಾಯಿಗೆ ಎಚ್ಚರ. ಮಳೆಗಾಲದ ನಡುರಾತ್ರಿ ಕಾಲು ಊದಿದರೆ ಗುರುವಾಯನಕೆರೆ, ಬಂಟ್ವಾಳಗಳನ್ನು ದಾಟಿ ಸುಮಾರು 60 ಕಿಲೋಮೀಟರ್ ದೂರದ ಮಂಗಳೂರನ್ನು ಮುಟ್ಟುವವರೆಗೆ ಅವಳಿಗೆ ಉಸಿರೇ ಇರುವುದಿಲ್ಲ. ಎಲ್ಲಕ್ಕಿಂತ ದಾರುಣವಾದುದು ಇನ್ನೊಂದಿದೆ. ಔಷಧಿಯ ಖರ್ಚು ತಂದೆಯನ್ನು ಕುಗ್ಗಿಸುತ್ತಿದೆಯೆಂದು ಅರಿತ ಬಾಲಕನು ನೋವು ಆರಂಭವಾದರೂ ಹೇಳದೆ ಹಲ್ಲು ಕಚ್ಚಿ ಮಲಗುತ್ತಾನೆ. ಶೀಘ್ರ ಚಿಕಿತ್ಸೆಯೇ ಈ ವ್ಯಾಧಿಯಲ್ಲಿ ಸಂಧಿಗಳ ರಕ್ಷಣೆ. ಅವನ ಮೌನವೇ ಅವನ ಕಾಲನ್ನು ಕಸಿಯುತ್ತದೆ.

ಇಂತಹ ಮನೆಗೆ ಸಮಾಜವು ಕೊಡುವ ಕಾಣಿಕೆ ಏನು? ಬಸದಿಯಲ್ಲಿ ಅಭಿಷೇಕ ಮುಗಿದು ಗಂಧೋದಕಕ್ಕೆ ಕೈಯೊಡ್ಡಿದ ತಾಯಿಯ ಬೆನ್ನ ಹಿಂದೆ ಪಿಸುಮಾತು. ಮಗಳ ನೆಂಟಸ್ತಿಕೆಯ ಮಾತು ಬಂದಾಗ "ಆ ಮನೆಯ ರಕ್ತ ಸರಿಯಿಲ್ಲ" ಎಂಬ ತೀರ್ಪು. ಇದರಿಂದಾಗಿ ಮನೆಯವರು ರೋಗವನ್ನೇ ಮುಚ್ಚಿಡುತ್ತಾರೆ, ಅಧ್ಯಾಪಕರಿಗೂ ತಿಳಿಸುವುದಿಲ್ಲ. ಮುಚ್ಚಿಟ್ಟುದರ ದಂಡವನ್ನು ತೆರುವವನು ಆ ಬಾಲಕ.

ಕರ್ಮದ ಮಾತನ್ನಾಡುವವರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಲಿ. ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೇನು ಎಂಬುದನ್ನು ಉಮಾಸ್ವಾಮಿಗಳು ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ತನ್ನಲ್ಲಾಗಲಿ ಪರರಲ್ಲಾಗಲಿ ದುಃಖ, ಶೋಕ, ಸಂತಾಪ, ರೋದನಗಳನ್ನು ಉಂಟುಮಾಡುವುದೇ ಆ ಕಾರಣ. ಮಗುವಿನ ಊದಿದ ಕಾಲನ್ನು ನೋಡಿ ಅದರ ಪೂರ್ವಕರ್ಮವನ್ನು ಊಹಿಸುವವನು ಊಹೆಯನ್ನು ಮಾತ್ರ ಮಾಡುತ್ತಾನೆ, ಏಕೆಂದರೆ ಪರಜೀವಿಯ ಸತ್ತೆಯಲ್ಲಿರುವ ಕರ್ಮವನ್ನು ಸಂಪೂರ್ಣವಾಗಿ ಕಾಣುವವನು ಕೇವಲಜ್ಞಾನಿ. ಆದರೆ ಆ ಮಾತಿನಿಂದ ತಾಯಿಯ ಕಣ್ಣಲ್ಲಿ ನೀರು ಬಂದರೆ, ಹೇಳಿದವನಿಗೆ ಆಗುವ ಆಸ್ರವ ಊಹೆಯಲ್ಲ. ಅದು ಸೂತ್ರಸಿದ್ಧ. ಪರರ ಖಾತೆಯನ್ನು ಓದಲು ಹೊರಟವನು ತನ್ನ ಖಾತೆಗೇ ಸಾಲವನ್ನು ಬರೆದುಕೊಂಡಂತಾಯಿತು.

ತಾಯಿಯನ್ನು ದೂಷಿಸುವುದಂತೂ ಈ ನಾಡಿನವರಿಗೆ ಇನ್ನೂ ಅಶೋಭನ. ಹಿಮೋಫಿಲಿಯಾ ಬಹುಪಾಲು ತಾಯಿಯ ಕಡೆಯಿಂದ ಇಳಿದು ಬರುತ್ತದೆಂಬುದು ನಿಜ. ಸೋದರಮಾವನಿಗಿದ್ದ ವ್ಯಾಧಿ ಸೋದರಳಿಯನಲ್ಲಿ ಕಾಣಿಸಿಕೊಳ್ಳುವುದುಂಟು. ಆದರೆ ತುಳುನಾಡಿನ ಅನೇಕ ಜೈನ ಮನೆತನಗಳಲ್ಲಿ ಆಸ್ತಿಯೂ ಅಧಿಕಾರವೂ ಇದೇ ದಾರಿಯಲ್ಲಿ ಬಂದವಲ್ಲವೇ? ಅಳಿಯಸಂತಾನದ ಕಟ್ಟಿನಲ್ಲಿ ಗದ್ದೆ, ಬೀಡು, ಪಟ್ಟಗಳು ತಾಯಿಯ ರಕ್ತದಿಂದ ಬಂದಾಗ ಅವಳು ಮನೆತನದ ಬೇರು. ವ್ಯಾಧಿ ಬಂದಾಗ ಮಾತ್ರ ಅವಳು ಮನೆತನದ ದೋಷ! ಇದು ಯಾವ ನ್ಯಾಯ? ಮೇಲಾಗಿ, ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳ ವಂಶದಲ್ಲಿ ಹಿಂದೆ ಈ ವ್ಯಾಧಿಯೇ ಇರುವುದಿಲ್ಲ. ವಂಶವಾಹಿಯಲ್ಲಿ ಹೊಸದಾಗಿ ಆದ ಬದಲಾವಣೆ ಅದಕ್ಕೆ ಕಾರಣ. ಬ್ರಿಟನ್ನಿನ ರಾಣಿ ವಿಕ್ಟೋರಿಯಾಳ ಮೂಲಕ ಇದೇ ವ್ಯಾಧಿ ರಷ್ಯಾದ ಯುವರಾಜ ಅಲೆಕ್ಸಿಯವರೆಗೆ ಯುರೋಪಿನ ಅರಮನೆಗಳನ್ನು ಹೊಕ್ಕಿತು. ಸಿಂಹಾಸನವೂ ಅದನ್ನು ತಡೆಯಲಿಲ್ಲ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನೆತ್ತಬಹುದು. ರೋಗವು 22 ಪರೀಷಹಗಳಲ್ಲಿ ಒಂದು, ಅದನ್ನು ಸಮಭಾವದಿಂದ ಸಹಿಸಿದರೆ ನಿರ್ಜರೆಯಾಗುತ್ತದೆ, ಆದ್ದರಿಂದ ಸಹನೆಯನ್ನು ಬೋಧಿಸುವುದರಲ್ಲಿ ತಪ್ಪೇನು ಎಂದು. ತಪ್ಪಿದೆ. ಪರೀಷಹಜಯವು ಸ್ವೇಚ್ಛೆಯಿಂದ ಮಹಾವ್ರತವನ್ನು ಸ್ವೀಕರಿಸಿದ ಮುನಿಯ ಸಾಧನೆ. ಏಳು ವರ್ಷದ ಬಾಲಕನು ದೀಕ್ಷೆ ಪಡೆದಿಲ್ಲ. ಆ ಮುನಿಯೇ ರೋಗಪೀಡಿತನಾದಾಗಲೂ ಅವನನ್ನು ಸಹನೆಗೆ ಬಿಟ್ಟು ದೂರ ಸರಿಯಿರೆಂದು ಆಗಮ ಹೇಳುವುದಿಲ್ಲ. ವೈಯಾವೃತ್ತ್ಯ ಮಾಡಿರೆಂದು ಹೇಳಿ, ಆ ಸೇವೆಯನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸುತ್ತದೆ. ಸಹನೆ ತನಗೆ ತಾನು ವಿಧಿಸಿಕೊಳ್ಳುವ ವ್ರತ. ಪರರಿಗೆ ವಿಧಿಸಿದಾಗ ಅದು ನಿರ್ದಯತೆ.

ಕರ್ಮವೆಂದರೆ ಕದಲದ ಶಿಲಾಲಿಪಿಯೂ ಅಲ್ಲ. ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ನಿಮಿತ್ತವಾಗುತ್ತವೆ. ಪುರುಷಾರ್ಥಕ್ಕೆ ಎಡೆಯಿದೆ. ಈ ವ್ಯಾಧಿಯ ಇತಿಹಾಸವೇ ಅದಕ್ಕೆ ಸಾಕ್ಷಿ. ದಾವಣಗೆರೆಯ ಡಾ. ಸುರೇಶ ಹನಗವಾಡಿ ಅವರು ಸ್ವತಃ ಹಿಮೋಫಿಲಿಯಾದೊಂದಿಗೇ ವೈದ್ಯರಾಗಿ, ತಮ್ಮಂತಹವರಿಗಾಗಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದರು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಹಿಮೋಫಿಲಿಯಾವನ್ನು 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿದೆ. ಕೊರತೆಯಿರುವ ಅಂಶವನ್ನು ನಿಯತವಾಗಿ ಕೊಡುತ್ತ ಬಂದರೆ ಸಂಧಿಗಳು ಉಳಿಯುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 5 ಮಂದಿ ರೋಗಿಗಳಿಗೆ ವಂಶವಾಹಿ ಚಿಕಿತ್ಸೆ ನೀಡಿ, ಅದರ ಆಶಾದಾಯಕ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದರು. "ಕರ್ಮ" ಎಂದು ಕೈಚೆಲ್ಲಿದ್ದರೆ ಇವುಗಳಲ್ಲಿ ಒಂದೂ ಆಗುತ್ತಿರಲಿಲ್ಲ.

ಧರ್ಮಸ್ಥಳವನ್ನು ಮಡಿಲಲ್ಲಿಟ್ಟುಕೊಂಡ ಬೆಳ್ತಂಗಡಿ ತಾಲೂಕಿನಲ್ಲಿ ಅನ್ನ, ಔಷಧ, ವಿದ್ಯೆ, ಅಭಯಗಳೆಂಬ ಚತುರ್ವಿಧ ದಾನಗಳ ಹೆಸರನ್ನು ಅರಿಯದವರಿಲ್ಲ. ಮೊದಲ ಮೂರಕ್ಕೆ ಹಣ ಬೇಕು. ಅಭಯದಾನಕ್ಕೆ ನಾಲಿಗೆಯ ಸಂಯಮವಿದ್ದರೂ ಆರಂಭಿಸಬಹುದು. ರೋಗಿಯ ಅಕ್ಕತಂಗಿಯರ ನೆಂಟಸ್ತಿಕೆ ಬಂದಾಗ ಪಿಸುಗುಟ್ಟುವ ಬದಲು, ಅವರು ವ್ಯಾಧಿಯ ವಾಹಕರೋ ಅಲ್ಲವೋ ಎಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದೆಂದು ಹೇಳಲಿ. ನಡುರಾತ್ರಿ ಮಂಗಳೂರಿಗೆ ಹೊರಡಬೇಕಾದ ತಾಯಿಗೆ ನೆರೆಯ ಶ್ರಾವಕನ ಜೀಪು ಸಿದ್ಧವಿರಲಿ. ನೋವನ್ನು ಮುಚ್ಚಿಡುವ ಬಾಲಕನಿಗೆ "ಹೇಳು ಮಗಾ, ನಿನ್ನ ಖರ್ಚು ಯಾರಿಗೂ ಭಾರವಲ್ಲ" ಎನ್ನುವ ಹಿರಿಯರೊಬ್ಬರಿರಲಿ.

ಇಷ್ಟೂ ಆಗದಿದ್ದರೆ ಕನಿಷ್ಠ ಮೌನವಾದರೂ ಇರಲಿ. ಇರುವೆಗೆ ನೋವಾದೀತೆಂದು ನೆಲ ನೋಡಿ ನಡೆಯುವ ಸಮಾಜವು, ಕಂಬದ ಮರೆಯಲ್ಲಿ ಮಗನನ್ನು ಎತ್ತಿಕೊಂಡು ನಿಂತ ತಾಯಿಯ ಮನಸ್ಸನ್ನು ತುಳಿದು ಗರ್ಭಗುಡಿಯತ್ತ ನಡೆದರೆ, ಆ ಅಹಿಂಸೆ ಪಾದದಲ್ಲಿ ಮಾತ್ರ ಉಳಿದಂತೆ.