ಶುಗರ್ ಇಳೀತು ಅಂತ ಕೊಲೆಸ್ಟ್ರಾಲ್ ಮಾತ್ರೆ ಬಿಡಬೇಡಿ

ನಮ್ಮ ದೊಡ್ಡಬಳ್ಳಾಪುರದ ಕಡೆ ನಾಕು ಜನ ಹೆಂಗಸ್ರು ಸೇರಿದ್ರೆ ಈಗ ಮಾತು ಶುರುವಾಗೋದೇ "ನಿಮ್ಮನೇಲಿ ಶುಗರ್ ಎಷ್ಟೈತೆ?" ಅಂತ. ಕೊಲೆಸ್ಟ್ರಾಲ್ ಎಷ್ಟು ಅಂತ ಯಾರೂ ಕೇಳಲ್ಲ. ನಾನೂ ಕೇಳ್ತಿರ್ಲಿಲ್ಲ. ಅದು ತಪ್ಪು ಅಂತ ಹೇಳೋಕೇ ಇವತ್ತು ಬರೀತಿದ್ದೀನಿ.

ನಮ್ಮೆಜಮಾನ್ರು ಮೂವತ್ತು ವರ್ಷ ಮಗ್ಗದ ಮುಂದೆ ನಿಂತೋರು. ಅವ್ರ ಮೂರು ತಿಂಗಳ ಸಕ್ಕರೆ ಲೆಕ್ಕ, ಎಚ್‌ಬಿಎ1ಸಿ ಅಂತಾರಲ್ಲ, 9.4 ಇತ್ತು. ಎರಡು ಮುದ್ದೆ ಇದ್ದದ್ದನ್ನ ಒಂದು ಮಾಡ್ದೆ, ಬಸ್ಸಾರಿನ ಪಲ್ಯ ಜಾಸ್ತಿ ಬಡಿಸ್ದೆ, ಸಂಜೆ ಬೋಂಡ ನಿಲ್ಲಿಸ್ದೆ, ಬೆಳಿಗ್ಗೆ ಕೆರೆ ಏರಿ ಮೇಲೆ ನಡೆಸ್ದೆ. ಆರು ತಿಂಗಳಿಗೆ 7ಕ್ಕೆ ಬಂತು. ಆ ಖುಷೀಲಿ ನಾನೇ ಅಂದೆ, "ಶುಗರ್ರೇ ಹತೋಟಿಗೆ ಬಂತಲ್ಲ, ಕೊಲೆಸ್ಟ್ರಾಲ್ ಮಾತ್ರೆ ಇನ್ಯಾಕೆ? ಬಿಟ್ಬಿಡಿ." ಅವ್ರೂ ಬಿಟ್ರು.

ನಾಕು ತಿಂಗಳಾದ್ಮೇಲೆ ರಕ್ತ ಕೊಟ್ಟಾಗ ಶುಗರ್ ಚೆನ್ನಾಗೇ ಇತ್ತು. ಟ್ರೈಗ್ಲಿಸರೈಡ್ ಕೂಡ 310ರಿಂದ 165ಕ್ಕೆ ಇಳಿದಿತ್ತು. ಆದ್ರೆ ಕೆಟ್ಟ ಕೊಲೆಸ್ಟ್ರಾಲ್, ಎಲ್‌ಡಿಎಲ್, 82 ಇದ್ದದ್ದು 141 ಆಗಿತ್ತು. "ಮಾತ್ರೆ ಬಿಡಿ ಅಂದೋರು ಯಾರಮ್ಮ?" ಅಂದ್ರು ಡಾಕ್ಟ್ರು. ನಾನು ತಲೆ ತಗ್ಗಿಸ್ದೆ.

ಆಮೇಲೆ ಅವ್ರು ಬಿಡಿಸಿ ಹೇಳಿದ್ರು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ದಿದ್ರೆ ಸಕ್ಕರೆ ಮಾತ್ರ ಅಲ್ಲ, ಕೊಬ್ಬಿನ ಲೆಕ್ಕಾನೂ ತಪ್ಪುತ್ತೆ. ಮೈಯಲ್ಲಿ ಕೂತಿರೋ ಕೊಬ್ಬು ಕರಗಿ ಲಿವರಿಗೆ ಬರುತ್ತೆ, ಲಿವರ್ ಅದನ್ನ ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತೆ. ಒಳ್ಳೇ ಎಚ್‌ಡಿಎಲ್ ಕಮ್ಮಿಯಾಗುತ್ತೆ. ಎಲ್‌ಡಿಎಲ್ ಕಣಗಳು ಸಣ್ಣಗಾಗಿ ರಕ್ತನಾಳದ ಗೋಡೆಯೊಳಕ್ಕೆ ನುಗ್ಗುತ್ವೆ. ಸಕ್ಕರೆ ಹತೋಟಿಗೆ ಬಂದ್ರೆ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತೆ, ಎಲ್‌ಡಿಎಲ್ ಅಷ್ಟಾಗಿ ಇಳಿಯಲ್ಲ. ಅದಕ್ಕೇ ನಲವತ್ತು ದಾಟಿದ ಶುಗರ್‌ನೋರಿಗೆ ಸಾಮಾನ್ಯವಾಗಿ ಸ್ಟ್ಯಾಟಿನ್ ಮಾತ್ರೆ ಬರೆಯೋದು. ಅದು ಹಾರ್ಟಿನ ಕಾವಲಿಗೆ.

ಇದು ನಮ್ಮೊಬ್ರ ಮನೆ ಕತೆ ಅಲ್ಲ. 2023ರಲ್ಲಿ ಬಂದ ಐಸಿಎಂಆರ್ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಐತೆ. ರಕ್ತದ ಕೊಬ್ಬಿನ ಏರುಪೇರು ಇರೋರು ದೊಡ್ಡೋರಲ್ಲಿ ನೂರಕ್ಕೆ 81.

ನಮ್ಮ ಅಡುಗೆಮನೇಲೂ ತಪ್ಪು ನಂಬಿಕೆ ಬಾಳ ಅವೆ. ರಾಗಿ ಅಂದ್ರೆ ಎಷ್ಟು ಬೇಕಾದ್ರೂ ತಿನ್ನಬಹುದು ಅಂತೀವಿ. ರಾಗೀಲೂ ಮುಕ್ಕಾಲು ಪಾಲಿಗೆ ಹತ್ತಿರ ಪಿಷ್ಟಾನೇ ಇರೋದು. ಎಣ್ಣೆ ಪ್ಯಾಕೆಟ್ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ಇದ್ರೆ ಧಾರಾಳವಾಗಿ ಸುರೀತೀವಿ. ಯಾವ ಕಾಳಿನ ಎಣ್ಣೇಲೂ ಕೊಲೆಸ್ಟ್ರಾಲ್ ಇರಲ್ಲ ಕಣ್ರೀ, ಕೊಬ್ಬು ಮಾತ್ರ ಪೂರ್ತಿ ಇರುತ್ತೆ. ಇನ್ನು ನಮ್ಮ ದೇವನಹಳ್ಳಿ ಚಕ್ಕೋತ. ಈ ಜಾತಿ ಹಣ್ಣು ಕೆಲವು ಸ್ಟ್ಯಾಟಿನ್ ಮಾತ್ರೆಗೆ ಆಗಿಬರಲ್ಲ, ರಕ್ತದಲ್ಲಿ ಮಾತ್ರೆ ಅಂಶ ಜಾಸ್ತಿ ಮಾಡುತ್ತೆ. ತಿನ್ನೋ ಮುಂಚೆ ನಿಮ್ಮ ಡಾಕ್ಟ್ರನ್ನ ಕೇಳಿ.

ನನ್ನ ಅಭಿಪ್ರಾಯ ಇಷ್ಟು. ಮನೇಲಿ ಅನ್ನ ಬಡಿಸೋರು ರಿಪೋರ್ಟನ್ನೂ ಓದೋದು ಕಲೀಬೇಕು. ಊಟ ಕಮ್ಮಿ ಮಾಡೋದು ನಮ್ಮ ಕೈಲೈತೆ, ಮಾತ್ರೆ ಕಮ್ಮಿ ಮಾಡೋದು ಡಾಕ್ಟ್ರ ಕೈಲೈತೆ. ನಾನು ಎರಡನ್ನೂ ನನ್ನ ಕೈಗೆ ತಗೊಂಡಿದ್ದೆ.

ನಮ್ಮೆಜಮಾನ್ರು ಈಗ ರಾತ್ರಿ ಊಟ ಆದ್ಮೇಲೆ ಮಾತ್ರೆ ನುಂಗಿ ಖಾಲಿ ಚೀಟಿ ನನಗೆ ತೋರಿಸ್ತಾರೆ. ನಿಮ್ಮನೇಲಿ ಕೊನೇ ಸಲ ಲಿಪಿಡ್ ಪರೀಕ್ಷೆ ಮಾಡಿಸಿದ್ದು ಯಾವಾಗ? ಇವತ್ತೇ ಬೀರು ತೆಗೆದು ಒಂದ್ಸಲ ನೋಡಿ.